ಕ್ವಾಂಟಮ್‌ನಲ್ಲಿ ‘ವೀಕ್ಷಕ’ ಅಂದರೆ ನಾವಾ? ಟಿವಿ, ಯೂಟ್ಯೂಬ್ ಹೇಳೋದರಲ್ಲಿ ಎಷ್ಟು ನಿಜ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಓದಿದವನು, ಫಿಸಿಕ್ಸ್ ಜೊತೆಗಿನ ಸಂಬಂಧ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಭಾವನವರಿಗೆ ಆರು ತಿಂಗಳಿಂದ ಕ್ವಾಂಟಮ್ (ಪರಮಾಣು, ಎಲೆಕ್ಟ್ರಾನ್ ಮಟ್ಟದ ಫಿಸಿಕ್ಸ್ ಅಂತೆ) ಹಿಡಿದಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರದ್ದೋ ವಿಡಿಯೋ ಕೇಳುತ್ತಾರೆ, ತಿಂಡಿ ತಿನ್ನುವಾಗ ಅದನ್ನು ನಮಗೆಲ್ಲ ಬಡಿಸುತ್ತಾರೆ. ಸಾರಾಂಶ ಇಷ್ಟು: ನಾವು ನೋಡುವ ತನಕ ಯಾವ ವಸ್ತುವೂ ಒಂದು ಕಡೆ ಇರೋದಿಲ್ಲ, ನೋಡಿದ ಕೂಡಲೇ ‘ಇರುತ್ತೆ’, ಇದನ್ನು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ, ಆದ್ದರಿಂದ ಮನಸ್ಸಿನಲ್ಲಿ ಗಟ್ಟಿಯಾಗಿ ನೋಡಿದರೆ ಸೈಟೂ ಆಗುತ್ತೆ, ಕಾರೂ ಆಗುತ್ತೆ. 21 ದಿನ ಒಂದು ನೋಟ್‌ಬುಕ್‌ನಲ್ಲಿ ಅದನ್ನೇ ಬರೆದರು. ನಗು ಬಂದರೂ ಸುಮ್ನೆ ಇದ್ದೆ, ಅವರ ನೋಟ್‌ಬುಕ್, ಅವರ ಪೆನ್ನು.

ಆದರೆ ಹೋದ ತಿಂಗಳು ಒಂದು ಕಲ್ಯಾಣ ಮಂಟಪದಲ್ಲಿ ‘ಕ್ವಾಂಟಮ್ ಅನಲೈಸರ್’ ಕ್ಯಾಂಪ್ ಅಂತ ಅಮ್ಮನನ್ನು ಕರೆದುಕೊಂಡು ಹೋದರು. ಕೈಗೆ ಒಂದು ಲೋಹದ ಕಡ್ಡಿ ಕೊಟ್ಟು ಒಂದು ನಿಮಿಷ ಹಿಡಿದುಕೊಳ್ಳಿ ಅಂದರಂತೆ. ಅಷ್ಟಕ್ಕೇ ಮೂವತ್ತು ಪುಟದ ರಿಪೋರ್ಟ್ ಬಂತು. ಲಿವರ್, ಕಿಡ್ನಿ, ಮೂಳೆ, ಕ್ಯಾಲ್ಸಿಯಂ, ಎಲ್ಲದಕ್ಕೂ ಕೆಂಪು ಹಳದಿ ಹಸಿರು ಬಣ್ಣ. ಜೊತೆಗೆ 4,800 ರೂಪಾಯಿಯ ಪುಡಿ ಡಬ್ಬಗಳು. ರಿಪೋರ್ಟಿನಲ್ಲಿ ಸಕ್ಕರೆ ಹಸಿರು ಬಣ್ಣದಲ್ಲಿತ್ತು ಅಂತ ಅಮ್ಮ ನಾಲ್ಕು ದಿನ ಮಾತ್ರೆ ಬಿಟ್ಟುಬಿಟ್ಟಿದ್ದರು. ಗೊತ್ತಾಗಿದ್ದು ತಲೆಸುತ್ತು ಬಂದ ಮೇಲೆ.

ಮಗಳು ಸೆಕೆಂಡ್ ಪಿಯು ಸೈನ್ಸ್. “ಅಪ್ಪಾ, ನಮ್ಮ ಬುಕ್ಕಲ್ಲಿ ಹೀಗೆಲ್ಲ ಇಲ್ಲ” ಅಂದಳು, ಆದರೆ ಭಾವನ ಎದುರು ವಾದ ಮಾಡಲು ಅವಳಿಗೂ ಆಗಲಿಲ್ಲ. ಅವರು ಗೂಗಲ್‌ನಲ್ಲಿ ಎರಡು ಸೀಳಿನ ಪ್ರಯೋಗ ತೋರಿಸಿದರು, ಅದು ನಿಜವಾಗಿಯೂ ಇದೆ! ನೊಬೆಲ್ ಬಂದಿದೆ ಅಂದರು, ಅದೂ ನಿಜ! ಹಾಗಾದರೆ ಸುಳ್ಳು ಎಲ್ಲಿಂದ ಶುರುವಾಗುತ್ತೆ? ಗೊತ್ತಿರುವವರು ನನ್ನಂಥವನಿಗೆ ಅರ್ಥವಾಗುವ ಹಾಗೆ ಹೇಳಿ. ನಾನು ಇದನ್ನು ಭಾವನಿಗೆ ತೋರಿಸಬೇಕು, ಆದ್ದರಿಂದ ಅವರನ್ನು ಬೈಯಬೇಡಿ. ಒಳ್ಳೆಯ ಮನುಷ್ಯ.

ಹಳೇ_ಮೇಷ್ಟ್ರು

ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ, ಪುರುಸೊತ್ತಿದೆ. ಉತ್ತರ ಉದ್ದ ಆಗುತ್ತದೆ.

ಎಲ್ಲ ಎಡವಟ್ಟಿಗೂ ಒಂದು ಪದ ಕಾರಣ. ಇಂಗ್ಲಿಷ್‌ನವರು ‘ಅಬ್ಸರ್ವರ್’ ಅಂದರು, ನಾವು ಅದನ್ನು ‘ವೀಕ್ಷಕ’ ಮಾಡಿದೆವು. ವೀಕ್ಷಕ ಅಂದ ಕೂಡಲೇ ಕನ್ನಡದವನ ಕಣ್ಣ ಮುಂದೆ ಬರೋದು ಯಾರು? ಸೋಫಾ ಮೇಲೆ ಕೂತು ಟಿವಿ ನೋಡುವವನು. ನಿರೂಪಕರು ಬೆಳಗ್ಗಿಂದ ರಾತ್ರಿವರೆಗೂ “ವೀಕ್ಷಕರೇ” ಅಂತಾನೇ ಕರೆಯುವುದಲ್ವಾ. ಈಗ ‘ವೀಕ್ಷಕನಿಂದ ಎಲೆಕ್ಟ್ರಾನ್ ಬದಲಾಗುತ್ತದೆ’ ಅಂತ ಓದಿದರೆ ನಾನು ನೋಡಿದ್ದಕ್ಕೇ ಅದು ನಾಚಿಕೊಂಡಿತು ಅಂತ ಅನ್ನಿಸದೆ ಇನ್ನೇನು? ಅದಕ್ಕೇ ಕ್ಲಾಸಿನಲ್ಲಿ ಆ ಪದ ಬಳಸುವುದನ್ನೇ ಬಿಟ್ಟೆ. ‘ಅಳತೆ’ ಅನ್ನುತ್ತಿದ್ದೆ. ನೋಡಿದರೆ ಬದಲಾಗುತ್ತದೆ ಅಂತ ಅಲ್ಲ, ಅಳೆದರೆ ಬದಲಾಗುತ್ತದೆ ಅಂತ. ಅಳೆಯೋದು ಯಂತ್ರ. ಕಣ್ಣೂ ಬೇಡ, ಮನಸ್ಸೂ ಬೇಡ.

ನಿಮ್ಮ ಭಾವನವರು ತೋರಿಸಿದ ಎರಡು ಸೀಳಿನ ಪ್ರಯೋಗಕ್ಕೆ ಬರೋಣ. ಅಕ್ಕಪಕ್ಕದ ಎರಡು ಸೀಳುಗಳ ಮೂಲಕ ಕಣಗಳನ್ನು ಹಾಯಿಸಿ, ಆಚೆ ಪರದೆ ಮೇಲೆ ಎಲ್ಲಿ ಬೀಳುತ್ತವೆ ಅಂತ ನೋಡುವುದು ಅದು. ಜಪಾನಿನ ಹಿಟಾಚಿ ಕಂಪನಿಯ ಲ್ಯಾಬಿನಲ್ಲಿ ಅಕಿರಾ ತೊನೊಮುರಾ ತಂಡ 1989ರಲ್ಲಿ ಇದನ್ನು ಎಲೆಕ್ಟ್ರಾನ್‌ಗಳಲ್ಲಿ ಒಂದೊಂದಾಗಿ ಮಾಡಿ ತೋರಿಸಿತು. ಅವರದ್ದರಲ್ಲಿ ನಿಜವಾದ ಸೀಳಿನ ಬದಲು ತೆಳು ತಂತಿಯ ಏರ್ಪಾಡಿತ್ತು, ತತ್ವ ಅದೇ. ಒಂದು ಎಲೆಕ್ಟ್ರಾನ್ ಬಂತು, ಪರದೆ ಮೇಲೆ ಒಂದು ಚುಕ್ಕಿ. ಇನ್ನೊಂದು ಬಂತು, ಇನ್ನೆಲ್ಲೋ ಇನ್ನೊಂದು ಚುಕ್ಕಿ. ಮೊದಲ ನೂರಿನ್ನೂರು ಚುಕ್ಕಿ ನೋಡಿದರೆ ಮಗು ಕೈಗೆ ರಂಗೋಲಿ ಪುಡಿ ಕೊಟ್ಟ ಹಾಗೆ, ಅರ್ಥವೇ ಇಲ್ಲ. ಸಾವಿರಾರು ಆದ ಮೇಲೆ ನಿಧಾನಕ್ಕೆ ಪಟ್ಟೆ ಪಟ್ಟೆ ಕಾಣುತ್ತದೆ, ಲಕ್ಷ ದಾಟಿದ ಮೇಲೆ ಸೀರೆಯ ಪಟ್ಟೆ ಹಾಗೆ ಸ್ಪಷ್ಟ. ಒಂಟಿಯಾಗಿ ಬಂದ ಎಲೆಕ್ಟ್ರಾನ್‌ಗೆ ಎಲ್ಲಿ ಜಾಸ್ತಿ ಬೀಳಬೇಕು, ಎಲ್ಲಿ ಬೀಳಬಾರದು ಅಂತ ಹೇಗೆ ಗೊತ್ತಾಯಿತು? ಬೆರಗು ಇರುವುದು ಇಲ್ಲಿ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಯಾವ ದಾರಿಯಲ್ಲಿ ಹೋಯಿತು ಎಂದು ತಿಳಿಯುವ ಏರ್ಪಾಡು ಮಾಡಿದರೆ ಪಟ್ಟೆ ಮಾಯ. ಇದೂ ನಿಜ. ವಿಡಿಯೋದವರು ಇಲ್ಲಿ ಒಂದು ದೊಡ್ಡ ಕಾರ್ಟೂನ್ ಕಣ್ಣು ತಂದು ನಿಲ್ಲಿಸುತ್ತಾರೆ. ಸುಳ್ಳು ಶುರುವಾಗುವುದು ಸರಿಯಾಗಿ ಆ ಕಣ್ಣಿನಿಂದ.

ವಿಯೆನ್ನಾದವರು ಮಾಡಿದ ಒಂದು ಪ್ರಯೋಗ ಇದೆ, ನನಗೆ ಬಹಳ ಇಷ್ಟ. 70 ಕಾರ್ಬನ್ ಪರಮಾಣು ಸೇರಿ ಆದ ಚೆಂಡಿನಂಥ ಅಣು. ಅದನ್ನು ಹಾಯಿಸಿದರೂ ಪಟ್ಟೆ ಬರುತ್ತದೆ. 2004ರಲ್ಲಿ ಆ ಅಣುವನ್ನು ದಾರಿಗೆ ಬಿಡುವ ಮೊದಲು ಲೇಸರ್‌ನಿಂದ ಕಾಯಿಸಿದರು. ಕಬ್ಬಿಣ ಕಾದರೆ ಕೆಂಪಗೆ ಹೊಳೆಯುತ್ತದಲ್ಲ, ಹಾಗೆ ಕಾದ ಅಣುವೂ ಬೆಳಕಿನ ಕಣ ಉಗುಳುತ್ತದೆ. ಆ ಕಣ ಹೋಗುವಾಗ ‘ಅಣು ಇಂಥಲ್ಲಿತ್ತು’ ಅನ್ನುವ ಸುಳಿವನ್ನೂ ಹೊತ್ತುಕೊಂಡು ಹೋಗುತ್ತದೆ. ಅದನ್ನು ಯಾರೂ ಹಿಡಿಯಲಿಲ್ಲ, ಯಾರೂ ನೋಡಲಿಲ್ಲ, ಗೋಡೆಗೆ ಬಡಿದು ಹಾಳಾಗಿ ಹೋಯಿತು. ಆದರೂ ಕಾವು ಏರಿದ ಹಾಗೆ ಪಟ್ಟೆ ಮಾಸುತ್ತಾ ಹೋಯಿತು. ಇಲ್ಲಿ ವೀಕ್ಷಕ ಯಾರು? ಗೋಡೆ. ಗೋಡೆಗೆ ಯಾವ ಸೈಟು ಬೇಕಾಗಿತ್ತು!

ಬೆಕ್ಕಿನ ಕಥೆಯೂ ಹೀಗೇ ತಲೆಕೆಳಗಾಗಿದೆ. ಕ್ವಾಂಟಮ್ ಸಮೀಕರಣ ಬರೆದ ಶ್ರೋಡಿಂಗರ್ ಎಂಬ ವಿಜ್ಞಾನಿ 1935ರಲ್ಲಿ ಪೆಟ್ಟಿಗೆಯ ಬೆಕ್ಕನ್ನು ತಂದದ್ದು “ನೋಡಿ, ಬೆಕ್ಕು ಬದುಕಿಯೂ ಇರುತ್ತೆ ಸತ್ತೂ ಇರುತ್ತೆ, ಎಂಥಾ ಅದ್ಭುತ” ಅನ್ನಲು ಅಲ್ಲ. ನಿಮ್ಮ ವಿವರಣೆಯನ್ನು ಹಾಗೇ ಎಳೆದುಕೊಂಡು ಹೋದರೆ ಇಂಥ ಹಾಸ್ಯಾಸ್ಪದ ಮಾತಿಗೆ ಬಂದು ನಿಲ್ಲುತ್ತೀರಿ ಅಂತ ಅಣಕ ಮಾಡಲು. ಅಣಕ ಮಾಡಿದ ಮಾತನ್ನೇ ಟೀ ಶರ್ಟ್ ಮೇಲೆ ಸಿದ್ಧಾಂತ ಅಂತ ಅಚ್ಚು ಹಾಕಿದರು ಪಾಪ.

ಕತ್ತಲೆಕೋಣೆ

ಮೇಷ್ಟ್ರು ಹೇಳಿದ್ದಕ್ಕೆ ನನ್ನದು ಒಂದಿಷ್ಟು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ಎಂಟ್ಯಾಂಗಲ್‌ಮೆಂಟ್ (ಎರಡು ಕಣಗಳ ಸ್ಥಿತಿ ಒಂದಕ್ಕೊಂದು ಹೆಣೆದುಕೊಂಡಿರುವುದು) ಮೇಲೆ. ಹೆಸರು ನೋಡಿ ಹಾರರ್ ಅಂದುಕೊಳ್ಳಬೇಡಿ, ನಿಜವಾಗಿಯೂ ದಿನವೆಲ್ಲ ಕತ್ತಲೆ ಕೋಣೆಯಲ್ಲೇ ಇರುತ್ತೇನೆ.

ನಮ್ಮ ಕೆಲಸ ಹೇಗಿರುತ್ತೆ ಅಂದರೆ, 405 ನ್ಯಾನೊಮೀಟರಿನ ನೇರಳೆ ಲೇಸರ್ ಅನ್ನು ಒಂದು ಪುಟ್ಟ ಹರಳಿನೊಳಗೆ ಬಿಡುತ್ತೇವೆ. ಕೋಟಿಗಟ್ಟಲೆ ಫೋಟಾನ್ (ಬೆಳಕಿನ ಕಣ) ಸುಮ್ನೆ ಆಚೆ ಹೋಗುತ್ತವೆ. ಎಲ್ಲೋ ಒಂದು ಮಾತ್ರ ಒಡೆದು 810 ನ್ಯಾನೊಮೀಟರಿನ ಎರಡಾಗುತ್ತೆ. ಆ ಜೋಡಿ ನಮಗೆ ಬೇಕು. ಡಿಟೆಕ್ಟರ್ ಎಷ್ಟು ಸೂಕ್ಷ್ಮ ಅಂದರೆ ಮೇಜಿನ ಸುತ್ತ ಕಪ್ಪು ಬಟ್ಟೆ ಕಟ್ಟಿರುತ್ತೇವೆ, ಯಾರೋ ಮೊಬೈಲ್ ತೆಗೆದರೆ ಕೌಂಟ್ ಎಲ್ಲೋ ಹಾರಿಹೋಗುತ್ತೆ. ಆಮೇಲೆ ಎಲ್ಲರೂ ಸೇರಿ ಅವನಿಗೆ ಬೈಯುತ್ತಾರೆ (ಒಂದು ಸಲ ಆ ‘ಅವನು’ ನಾನೇ ಆಗಿದ್ದೆ, ಹುಡುಗಿ ಅನ್ನೋ ರಿಯಾಯಿತಿ ಸಿಗಲಿಲ್ಲ). ಡೇಟಾ ತೆಗೆಯೋದು ರಾತ್ರಿ. ಕಂಪ್ಯೂಟರಿಗೆ ಹೇಳಿ ಬಾಗಿಲು ಹಾಕಿಕೊಂಡು ಹೋಗಿ ಟೀ ಕುಡಿದು, ಮಲಗಿ, ಬೆಳಿಗ್ಗೆ ಬಂದು ಫೈಲ್ ತೆರೆಯುತ್ತೇವೆ. ರಾತ್ರಿ ಎರಡು ಗಂಟೆಗೆ ಕೋಣೆಯಲ್ಲಿ ಮನುಷ್ಯನೇ ಇರಲಿಲ್ಲ, ಆದರೆ ಅಳತೆ ಆಗಿದೆ, ಅಂಕಿ ಕೂತಿದೆ. ಇನ್ನು ‘ಮನಸ್ಸಿಟ್ಟು ನೋಡಿದರೆ’ ಅನ್ನೋ ವಿಷಯ. ನಮ್ಮ ಲ್ಯಾಬಿನಲ್ಲಿ ಡಿಗ್ರಿ ಮುಗಿಯಲಿ ಅಂತ ನಾವೆಲ್ಲ ಮನಸ್ಸಿಟ್ಟು ನೋಡಿದಷ್ಟು ಬೇರೆ ಯಾರೂ ನೋಡಿರಲಾರರು. ಫೋಟಾನ್ ಒಂದಕ್ಕೂ ಕನಿಕರ ಇಲ್ಲ.

ಭಾವನವರ ವಿಡಿಯೋದಲ್ಲಿ ಎಂಟ್ಯಾಂಗಲ್‌ಮೆಂಟ್ ಕೂಡ ಬಂದಿರಬೇಕಲ್ವಾ? ಅಮೆರಿಕದಲ್ಲಿರುವ ಮಗನಿಗೆ ನೋವಾದರೆ ಇಲ್ಲಿ ತಾಯಿಗೆ ತಿಳಿಯುತ್ತೆ, ಇಬ್ಬರೂ ಎಂಟ್ಯಾಂಗಲ್ ಆಗಿದ್ದಾರೆ ಅಂತ. ತಾಯಿಗೆ ತಿಳಿದರೆ ತಿಳಿಯಲಿ, ಫೋನ್ ಮಾಡಿದ್ದಾನೆ ಪಾಪ. ನಮ್ಮ ಜೋಡಿ ಫೋಟಾನ್ ಹೋಗುವ ಫೈಬರ್ ಒಂಚೂರು ಬಗ್ಗಿದರೆ ಸಾಕು, ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಆಚೀಚೆ ಆಗಿ ಇಡೀ ದಿನದ ಕೆಲಸ ಮತ್ತೆ ಮೊದಲಿಂದ. ಕೋಟಿ ಕೋಟಿ ಅಣುಗಳು ಬಿಸಿಯಾಗಿ ಒದ್ದಾಡುತ್ತಿರುವ ಮನುಷ್ಯನ ತಲೆಯಲ್ಲಿ ಅದು ಸಮುದ್ರ ದಾಟಿಕೊಂಡು ಹೇಗೆ ಉಳಿದೀತು?

ಇನ್ನು ಇಂಥ ಜೋಡಿಯಿಂದ ದೂರಕ್ಕೆ ಮೆಸೇಜ್ ಕಳಿಸಬಹುದು ಅನ್ನೋ ಮಾತು. ಒಂದು ಜೋಡಿ ಚಪ್ಪಲಿಯನ್ನು ಬಿಡಿಸಿ ಒಂದನ್ನು ಹುಬ್ಬಳ್ಳಿಗೆ, ಒಂದನ್ನು ಮೈಸೂರಿಗೆ ಪಾರ್ಸೆಲ್ ಮಾಡಿ. ಹುಬ್ಬಳ್ಳಿಯವನು ಬಿಚ್ಚಿ ಎಡಗಾಲಿನದು ಅಂದರೆ ಮೈಸೂರಿನದು ಬಲಗಾಲಿನದು ಅಂತ ಆ ಕ್ಷಣವೇ ಗೊತ್ತು. ಇದರಲ್ಲಿ ಮೆಸೇಜ್ ಏನೂ ಹೋಗಲಿಲ್ಲ ಅಲ್ವಾ. ಕ್ವಾಂಟಮ್ ಜೋಡಿ ಚಪ್ಪಲಿಗಿಂತ ವಿಚಿತ್ರ. ಎಡವೋ ಬಲವೋ ಅಂತ ಪಾರ್ಸೆಲ್ ಮಾಡುವಾಗಲೇ ತೀರ್ಮಾನ ಆಗಿತ್ತು ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಪ್ರಯೋಗದ ಅಂಕಿ ಹೊಂದೋದಿಲ್ಲ. ಇದನ್ನು ಪರೀಕ್ಷೆ ಮಾಡಬಹುದು ಅಂತ 1964ರಲ್ಲಿ ಜಾನ್ ಬೆಲ್ ತೋರಿಸಿದರು. ಕ್ಲೌಸರ್, ಆಸ್ಪೆ, ಝೈಲಿಂಗರ್ ಮಾಡಿದ ಪ್ರಯೋಗಗಳಿಗೆ 2022ರ ನೊಬೆಲ್ ಬಂತು, ನಿಮ್ಮ ಭಾವ ಹೇಳಿದ್ದು ಇದನ್ನೇ ಇರಬೇಕು. ಆದರೆ ಮೆಸೇಜ್ ಮಾತ್ರ ಇಲ್ಲಿಯೂ ಹೋಗೋದಿಲ್ಲ. ಹುಬ್ಬಳ್ಳಿಯವನ ಪುಸ್ತಕದಲ್ಲಿ ಬರೀ ಹೆಡ್ಡು ಟೇಲು ಹೆಡ್ಡು ಹೆಡ್ಡು ಅಂತ ಅಡ್ಡಾದಿಡ್ಡಿ ಅಂಕಿ, ಮೈಸೂರಿನವನ ಪುಸ್ತಕದಲ್ಲೂ ಅಷ್ಟೇ. ಎರಡು ಪುಸ್ತಕ ಒಂದು ಟೇಬಲ್ ಮೇಲೆ ಇಟ್ಟಾಗಲೇ ಹೊಂದಾಣಿಕೆ ಕಾಣೋದು. ಪುಸ್ತಕ ತರಲು ಬಸ್ಸೇ ಹತ್ತಬೇಕು, ಇಲ್ಲವೇ ಫೋನ್ ಮಾಡಬೇಕು.

ಶರಾವತಿ_ತೀರ

ಒಪ್ಪುವುದಿಲ್ಲ. ನೀವೆಲ್ಲ ವಿಜ್ಞಾನ ಓದಿದವರು, ಭಾವನವರನ್ನು ಸುಲಭವಾಗಿ ತಮಾಷೆ ಮಾಡುತ್ತಿದ್ದೀರಿ. ಪ್ರಜ್ಞೆಯ ಮಾತನ್ನು ಯೂಟ್ಯೂಬ್‌ನವರು ಹುಟ್ಟಿಸಿದ್ದಲ್ಲ. ನೊಬೆಲ್ ಪಡೆದ ಯೂಜೀನ್ ವಿಗ್ನರ್ ಅವರೇ 1961ರಲ್ಲಿ ಅಳತೆ ಪೂರ್ತಿಯಾಗುವುದು ಪ್ರಜ್ಞೆಯಲ್ಲಿ ಅಂತ ಬರೆದರು. ಶ್ರೋಡಿಂಗರ್ ಉಪನಿಷತ್ತು ಓದುತ್ತಿದ್ದರು, ಅದು ಅವರ ಬರಹಗಳಲ್ಲೇ ಇದೆ. ನಮ್ಮವರ ಹೆಸರು ಬಂದ ಕೂಡಲೇ ‘ಸುಳ್ಳು ವಿಜ್ಞಾನ’ ಅನ್ನುವುದು ಕೆಲವರಿಗೆ ಚಟ. ಮತ್ತೆ, ಅಳತೆ ಅಂದರೆ ನಿಖರವಾಗಿ ಏನು ಅಂತ ನೀವೇ ಹೇಳಿ ನೋಡೋಣ. ಅದು ಇನ್ನೂ ಬಗೆಹರಿದಿಲ್ಲ ಅಂತ ನಾನು ಓದಿದ್ದೇನೆ.

ಹಳೇ_ಮೇಷ್ಟ್ರು

ಶರಾವತಿಯವರೇ, ಕೇಳಿದ್ದು ಒಳ್ಳೆಯದಾಯಿತು. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ.

ವಿಗ್ನರ್ ಹಾಗೆ ಬರೆದದ್ದು ಹೌದು. ಆಮೇಲೆ ಅವರೇ ಅದನ್ನು ಕೈಬಿಟ್ಟರು ಅನ್ನುವುದು ವಿಡಿಯೋಗಳಲ್ಲಿ ಬರುವುದಿಲ್ಲ. ಜರ್ಮನಿಯ ಝೆ ಎಂಬವರು 1970ರಲ್ಲಿ ಶುರು ಮಾಡಿದ ಕೆಲಸ ಓದಿದ ಮೇಲೆ ಅವರ ಮನಸ್ಸು ಬದಲಾಯಿತು. ನಾನು ಮೇಲೆ ಹೇಳಿದ ಬಿಸಿ ಅಣುವಿನ ಪ್ರಯೋಗ ಅದೇ ದಾರಿಯದ್ದು, ಸುತ್ತಲಿನ ಗಾಳಿ, ಬೆಳಕು, ಗೋಡೆ ಎಲ್ಲವೂ ಸದಾ ‘ಅಳೆಯುತ್ತಲೇ’ ಇರುತ್ತವೆ ಅನ್ನುವುದು.

ಅಳತೆಯ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ, ಇದೂ ಹೌದು. ಹಲವು ಸಾಧ್ಯತೆಗಳಲ್ಲಿ ಇದೇ ಒಂದು ಏಕೆ ಬಂತು ಅಂತ ಕೇಳಿದರೆ ಇವತ್ತಿಗೂ ಹತ್ತು ಭೌತವಿಜ್ಞಾನಿಗಳು ಹತ್ತು ಕಡೆ ನೋಡುತ್ತಾರೆ. ಆದರೆ ಮನೆ ಬೀಗದ ಕೀ ಎಲ್ಲಿದೆ ಅಂತ ಗೊತ್ತಿಲ್ಲ ಅಂದ ಮಾತ್ರಕ್ಕೆ ಅದು ನಿಮ್ಮ ಜೇಬಿನಲ್ಲೇ ಇದೆ ಅಂತ ಆಗುವುದಿಲ್ಲ. ‘ಗೊತ್ತಿಲ್ಲ’ದಿಂದ ‘ಮನಸ್ಸಿನಿಂದ ಕಾರು ಬರುತ್ತದೆ’ಗೆ ಹಾರಿದರೆ ಅದೇ ನಿಜವಾದ ಕ್ವಾಂಟಮ್ ಲೀಪ್! (ಅದೂ ತಪ್ಪೇ. ಪರಮಾಣುವಿನ ಒಳಗಿನ ಆ ಜಿಗಿತ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಭಾಷಣದಲ್ಲಿ ಮಾತ್ರ ಭಾರಿ ದೊಡ್ಡದು.)

ಶ್ರೋಡಿಂಗರ್ ವೇದಾಂತ ಓದಿದ್ದು, ಮೆಚ್ಚಿದ್ದು ನಿಜ, ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಆದರೆ 1926ರ ಸಮೀಕರಣಕ್ಕೆ ಅವರು ಹೊರಟದ್ದು ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ ಅಂತ ಡಿ ಬ್ರಾಯ್ ಹೇಳಿದ ಮಾತಿನಿಂದ, ಹ್ಯಾಮಿಲ್ಟನ್ನನ ಬೆಳಕಿನ ಗಣಿತದಿಂದ. ಸರಿಯೋ ತಪ್ಪೋ ನೋಡಿದ್ದು ಹೈಡ್ರೋಜನ್ ಪರಮಾಣುವಿನ ಅಳತೆಗಳ ಎದುರು. ಉಪನಿಷತ್ತು ದೊಡ್ಡದಾಗಲು ಅದಕ್ಕೆ ಹೈಡ್ರೋಜನ್ನಿನ ಸರ್ಟಿಫಿಕೇಟ್ ಬೇಕಾಗಿಲ್ಲ ಅಲ್ವಾ.

ಡೆಸ್ಕ್_ಕೂಲಿ

ನಾನು ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಎಲ್ಲರೂ ಯೂಟ್ಯೂಬ್‌ಗೆ ಬೈಯುತ್ತಿದ್ದೀರಿ, ನಮ್ಮ ಪಾಲಿನ ಪಾಪವೂ ಸ್ವಲ್ಪ ಹೇಳಿಬಿಡುತ್ತೇನೆ.

ರಾತ್ರಿ ಒಂಬತ್ತೂವರೆ. ಪುಟ ಹೋಗಬೇಕು. ಏಳನೇ ಪುಟದಲ್ಲಿ ಜಾಹೀರಾತು ಬಿದ್ದುಹೋಗಿ ಎರಡು ಕಾಲಂ ಖಾಲಿ. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಒಂದು ಸುದ್ದಿ ಬಂದಿದೆ. ಅನುವಾದ ಮಾಡಲು ಇಪ್ಪತ್ತು ನಿಮಿಷ. ಏಜೆನ್ಸಿಯವನು ವಿಶ್ವವಿದ್ಯಾಲಯದ ಪ್ರಕಟಣೆ ನೋಡಿ ಬರೆದಿರುತ್ತಾನೆ, ಪ್ರಕಟಣೆ ಬರೆದವನು ತನ್ನ ವಿಜ್ಞಾನಿಯ ಕೆಲಸವನ್ನು ಒಂದು ಸುತ್ತು ಉಬ್ಬಿಸಿರುತ್ತಾನೆ, ಹೆಡ್ಡಿಂಗ್ ಕೊಡುವಾಗ ನಾನು ಇನ್ನೊಂದು ಸುತ್ತು. ಮೂಲ ಪ್ರಬಂಧವನ್ನು ಓದಿದವರು ಈ ಸಾಲಿನಲ್ಲಿ ಯಾರೂ ಇಲ್ಲ.

2019ರ ಮಾರ್ಚಿನಲ್ಲಿ “ಕಾಲವನ್ನೇ ಹಿಂದಕ್ಕೆ ತಿರುಗಿಸಿದ ವಿಜ್ಞಾನಿಗಳು” ಅಂತ ಪ್ರಪಂಚದ ತುಂಬಾ ಬಂತು, ನಮ್ಮಲ್ಲೂ ಬಂತು, ಬರೆದದ್ದು ನಾನೇ. ಎಷ್ಟೋ ದಿನ ಆದ ಮೇಲೆ ಅದೇನು ಅಂತ ಓದಿದೆ. ಐಬಿಎಂನ ಕ್ವಾಂಟಮ್ ಕಂಪ್ಯೂಟರಿನಲ್ಲಿ ಎರಡೋ ಮೂರೋ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಇಟ್ಟುಕೊಂಡು, ಅವು ಚದುರಿದ ಮೇಲೆ ಮೊದಲಿನ ಸ್ಥಿತಿಗೆ ತರುವ ಒಂದು ಪ್ರೋಗ್ರಾಂ ಓಡಿಸಿದ್ದಾರೆ. ಎರಡು ಕ್ಯೂಬಿಟ್ ಇದ್ದಾಗ ನೂರಕ್ಕೆ 85 ಸಲ ಸರಿ ಬಂತು, ಮೂರು ಇದ್ದಾಗ ಸುಮಾರು ಅರ್ಧ. ಗಡಿಯಾರದ ಮುಳ್ಳು ಎಲ್ಲೂ ಹಿಂದಕ್ಕೆ ಹೋಗಿಲ್ಲ. ಚೆನ್ನಾಗಿರುವ ಕೆಲಸವೇ. ಆದರೆ ‘ಮೂರು ಕ್ಯೂಬಿಟ್‌ಗಳನ್ನು ಮೊದಲಿನ ಜಾಗದಲ್ಲಿ ಕೂರಿಸಿದರು’ ಅಂತ ಹೆಡ್ಡಿಂಗ್ ಕೊಟ್ಟಿದ್ದರೆ ಎಡಿಟರ್ ನನ್ನನ್ನು ಮೊದಲಿನ ಜಾಗಕ್ಕೆ ಕಳಿಸುತ್ತಿದ್ದರು.

ಕನ್ನಡದವರು ಮಾತ್ರ ಹೀಗೆ ಅಂತಲ್ಲ. 2022ರ ಕೊನೆಯಲ್ಲಿ ಗೂಗಲ್‌ನ ಚಿಪ್ ಮೇಲೆ ‘ವರ್ಮ್‌ಹೋಲ್ ಸೃಷ್ಟಿ’ ಅಂತ ಬಂತಲ್ಲ, ಆಕಾಶದಲ್ಲಿ ಸುರಂಗ. ನೇಚರ್ ಪತ್ರಿಕೆಯ ಮುಖಪುಟಕ್ಕೇ ಹೋಯಿತು. ಒಳಗೆ ಇದ್ದದ್ದು ಒಂಬತ್ತು ಕ್ಯೂಬಿಟ್‌ನ ಒಂದು ಲೆಕ್ಕ. ಅದರ ಸಮೀಕರಣ ವರ್ಮ್‌ಹೋಲಿನ ಗಣಿತಕ್ಕೆ ಹೋಲುತ್ತದೆ ಅಂತ ಅವರ ವಾದ, ಅಷ್ಟೂ ಹೋಲುವುದಿಲ್ಲ ಅಂತ ಬೇರೆಯವರ ತಕರಾರು. ಅಮೆರಿಕದ ಕ್ವಾಂಟಾ ಮ್ಯಾಗಜೀನ್, ವಿಜ್ಞಾನ ಬರವಣಿಗೆಯಲ್ಲಿ ಅದಕ್ಕಿಂತ ಹೆಸರು ಪಡೆದದ್ದು ಕಡಿಮೆ, ಅವರೂ ‘ವರ್ಮ್‌ಹೋಲ್ ಸೃಷ್ಟಿಸಿದರು’ ಅಂತಲೇ ಹೆಡ್ಡಿಂಗ್ ಹಾಕಿ, ಬೈಗುಳ ತಿಂದು ಬದಲಾಯಿಸಬೇಕಾಯಿತು. ಕಾಗದದ ಮೇಲೆ ಹೊಳೆ ಹರಿಯುವ ಲೆಕ್ಕ ಮಾಡಿದರೆ ಕಾಗದ ಒದ್ದೆ ಆಗುವುದಿಲ್ಲ ಅನ್ನುವಷ್ಟು ಸಣ್ಣ ವಿಷಯ ಅಷ್ಟು ದೊಡ್ಡವರಿಗೂ ತಪ್ಪಿಹೋಯಿತು.

ನನಗೆ ಅತಿ ಸಿಟ್ಟು ಬಂದದ್ದು 2024ರ ಅಕ್ಟೋಬರಿನಲ್ಲಿ. ಚೀನಾದವರು ಕ್ವಾಂಟಮ್ ಕಂಪ್ಯೂಟರಿನಿಂದ ಮಿಲಿಟರಿ ಮಟ್ಟದ ಗುಪ್ತಲಿಪಿ ಒಡೆದರು, ಬ್ಯಾಂಕ್ ದುಡ್ಡಿಗೆ ಅಪಾಯ ಅಂತ. ಈ ಥರದ ಗುಪ್ತಲಿಪಿಯ ಬೀಗ ಅಂದರೆ ಒಂದು ದೊಡ್ಡ ಸಂಖ್ಯೆ, ಅದನ್ನು ಎರಡು ಅವಿಭಾಜ್ಯಗಳಾಗಿ ಒಡೆದರೆ ಬೀಗ ತೆರೆದಂತೆ. ಅವರು ಒಡೆದದ್ದು 22 ಬಿಟ್ಟಿನ ಒಂದು ಸಂಖ್ಯೆಯನ್ನು. 22 ಬಿಟ್ ಅಂದರೆ ಹೆಚ್ಚೆಂದರೆ 41,94,303. ಅದನ್ನು ಎರಡು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು 2,048ರ ಕೆಳಗಿನ 309 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಹೈಸ್ಕೂಲ್ ಹುಡುಗ ಕ್ಯಾಲ್ಕುಲೇಟರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾನೆ. ಬ್ಯಾಂಕಿನವರು ಸಾಮಾನ್ಯವಾಗಿ ಬಳಸುವುದು 2,048 ಬಿಟ್ಟಿನದು, ಬರೆದರೆ 617 ಅಂಕಿ. ಇದನ್ನು ನಂಬಿ ನಮ್ಮ ಮಾವ ಎಫ್‌ಡಿ ಮುರಿಸಲು ಹೊರಟಿದ್ದರು.

ಪಾಪ್‌ಕಾರ್ನ್_ಪಕ್ಯಾ

ಸಿನಿಮಾದವರನ್ನು ಬಿಟ್ಟುಬಿಡಿ ಮಾರಾಯ್ರೆ. ಹೀರೊ ಇರುವೆ ಗಾತ್ರ ಆಗಿ ಪರಮಾಣು ಒಳಗೆ ಹೋಗಿ ಅಲ್ಲಿ ಫೈಟ್ ಮಾಡಿದರೆ ನಾವು ಟಿಕೆಟ್ ತಗೊಂಡು ಕೂತಿದ್ದೇವೆ ಅಂತ ಅವನಿಗೂ ಗೊತ್ತು ನಮಗೂ ಗೊತ್ತು. ಪುಷ್ಪಕ ವಿಮಾನದ ಮೈಲೇಜ್ ಯಾರಾದರೂ ಕೇಳುತ್ತಾರಾ? ಕಲ್ಯಾಣ ಮಂಟಪದಲ್ಲಿ ಪುಡಿ ಮಾರಿದವನೇ ಬೇರೆ, ಇವರೇ ಬೇರೆ.

ಕತ್ತಲೆಕೋಣೆ

@ಪಾಪ್‌ಕಾರ್ನ್_ಪಕ್ಯಾ ಒಪ್ಪಿದೆ, ನಾನೂ ಮೊದಲ ದಿನದ ಮೊದಲ ಶೋಗೆ ಹೋದವಳೇ. ನನ್ನ ತಕರಾರು ಸಿನಿಮಾಗಿಂತ ಜಾಸ್ತಿ ‘ಎಲ್ಲ ಉತ್ತರವನ್ನೂ ಒಂದೇ ಸಲಕ್ಕೆ ನೋಡಿಬಿಡುತ್ತೆ’ ಅನ್ನುವ ಕ್ವಾಂಟಮ್ ಕಂಪ್ಯೂಟರ್ ಸುದ್ದಿಗಳ ಮೇಲೆ. ಅದೂ ಅರ್ಧಸತ್ಯ. ಎಲ್ಲ ಉತ್ತರಗಳೂ ಒಟ್ಟಿಗೆ ಇರುತ್ತವೆ ಅಂತಲೇ ಅಂದುಕೊಳ್ಳಿ, ಆದರೆ ಅಳೆದರೆ ಕೈಗೆ ಸಿಗುವುದು ಒಂದೇ, ಅದೂ ಲಾಟರಿಯ ಹಾಗೆ ಯಾವುದೋ ಒಂದು. ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಸರಿ ಉತ್ತರದ ಅಲೆ ಮಾತ್ರ ಉಳಿಯುವ ಹಾಗೆ ಹೆಣೆಯಬೇಕು, ಕಷ್ಟ ಇರುವುದೇ ಅಲ್ಲಿ. ಕೆಲವೇ ಲೆಕ್ಕಗಳಿಗೆ ಹಾಗೆ ಹೆಣೆಯುವ ದಾರಿ ಸಿಕ್ಕಿದೆ.

2024ರ ಡಿಸೆಂಬರಿನಲ್ಲಿ ಗೂಗಲ್‌ನವರ ವಿಲೋ ಚಿಪ್ ಬಂದಾಗ ಎಲ್ಲ ಚಾನಲ್‌ಗಳೂ ‘ಐದು ನಿಮಿಷದಲ್ಲಿ ಮುಗಿಸಿತು, ಸೂಪರ್ ಕಂಪ್ಯೂಟರಿಗೆ ವಿಶ್ವದ ವಯಸ್ಸಿಗಿಂತ ಜಾಸ್ತಿ ಬೇಕು, ಬೇರೆ ಬೇರೆ ಲೋಕಗಳಲ್ಲಿ ಲೆಕ್ಕ ಮಾಡುತ್ತೆ’ ಅಂತ ಹೊಡೆದವು. ಬೇರೆ ಲೋಕದ ಮಾತನ್ನು ಕಂಪನಿಯವರೇ ಪ್ರಕಟಣೆಯಲ್ಲಿ ತೇಲಿಬಿಟ್ಟಿದ್ದರು ಅನ್ನಿ. ಆ ಐದು ನಿಮಿಷದ ಲೆಕ್ಕ ಯಾವುದು ಅಂದರೆ, ಅಡ್ಡಾದಿಡ್ಡಿ ಸರ್ಕ್ಯೂಟ್ ಹಾಕಿ ಬರುವ ಅಡ್ಡಾದಿಡ್ಡಿ ಅಂಕಿಗಳನ್ನು ತೆಗೆಯುವುದು. ಯಾರಿಗೂ ಬೇಕಾಗಿರದ ಲೆಕ್ಕ, ವೇಗ ಅಳೆಯಲು ಮಾತ್ರ. ನಾವು ಲ್ಯಾಬಿನಲ್ಲಿ ಎದ್ದು ಕೂತದ್ದು ಬೇರೆ ವಿಷಯಕ್ಕೆ. 105 ಕ್ಯೂಬಿಟ್‌ನ ಆ ಚಿಪ್‌ನಲ್ಲಿ ಒಂದು ಗಟ್ಟಿ ಕ್ಯೂಬಿಟ್ ಕಟ್ಟಲು ಹೆಚ್ಚು ಹೆಚ್ಚು ಸಣ್ಣ ಕ್ಯೂಬಿಟ್ ಸೇರಿಸಿದ ಹಾಗೆ ತಪ್ಪು ಜಾಸ್ತಿ ಆಗುವ ಬದಲು ಕಡಿಮೆ ಆಯಿತು, ಪ್ರತಿ ಹಂತಕ್ಕೂ ಸುಮಾರು ಅರ್ಧದಷ್ಟು. ಮೂವತ್ತು ವರ್ಷದಿಂದ ಕಾಯುತ್ತಿದ್ದದ್ದು ಅದಕ್ಕೆ. ಯಾವ ಚಾನಲ್‌ನಲ್ಲೂ ನಾನದನ್ನು ಕೇಳಲಿಲ್ಲ.

ಸ್ಕ್ಯಾನಿಂಗ್_ಸೀನ

ದಾವಣಗೆರೆ ಸರ್, ಎಲ್ಲ ಓದಿದೆ. ಆ ಕಡ್ಡಿ ಮಿಷನ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಎಂಆರ್‌ಐ ಟೆಕ್ನಿಷಿಯನ್, ಹನ್ನೊಂದು ವರ್ಷ ಆಯಿತು.

ನಮ್ಮ ಮಿಷನ್ ನೂರಕ್ಕೆ ನೂರು ಕ್ವಾಂಟಮ್. ಮೈಯಲ್ಲಿರುವ ನೀರಿನ ಹೈಡ್ರೋಜನ್ ಪರಮಾಣುವಿನ ನಡುವಿನ ಕಣಕ್ಕೆ ಸ್ಪಿನ್ ಅಂತ ಒಂದು ಗುಣ ಇದೆ. ಅದನ್ನು 1.5 ಟೆಸ್ಲಾ ಅಯಸ್ಕಾಂತದೊಳಗೆ ಇಟ್ಟು, ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆ ಕೊಟ್ಟರೆ ಅದು ತಿರುಗಿ, ವಾಪಸ್ ಬರುವಾಗ ತಾನೇ ಒಂದು ಸಣ್ಣ ರೇಡಿಯೋ ಸದ್ದು ಕೊಡುತ್ತದೆ. ಅದನ್ನು ಹಿಡಿಯಲು ಎಷ್ಟು ಪಾಡು ಗೊತ್ತಾ. ಟನ್‌ಗಟ್ಟಲೆ ತೂಕದ ಅಯಸ್ಕಾಂತ, ಅದನ್ನು ಮೈನಸ್ 269 ಡಿಗ್ರಿಯಲ್ಲಿ ಇಡಲು ದ್ರವ ಹೀಲಿಯಂ, ಹೊರಗಿನ ರೇಡಿಯೋ ಒಳಗೆ ಬರದ ಹಾಗೆ ಗೋಡೆಗೆಲ್ಲ ತಾಮ್ರದ ಹೊದಿಕೆ, ಪೇಷಂಟ್ ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಇಷ್ಟೆಲ್ಲ ಆದರೂ ಸಕ್ಕರೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಇನ್ನೊಂದು ತಮಾಷೆ. ಇದರ ಹಳೇ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಅಂತ ಇತ್ತು, ಜನ ಬಾಂಬು ಅಂತ ಹೆದರುತ್ತಾರೆ ಅಂತ ತೆಗೆದುಬಿಟ್ಟರು. ಕ್ವಾಂಟಮ್ ಅನ್ನೋ ಪದವನ್ನಂತೂ ಯಾರೂ ಅಂಟಿಸಲಿಲ್ಲ. ಆ ಕಡ್ಡಿ ಮಿಷನ್‌ಗೆ ಮಾತ್ರ ಅದು ಮುಂದೆ, ಹಿಂದೆ, ಡಬ್ಬದ ಮೇಲೆ, ಎಲ್ಲ ಕಡೆ.

ನಮ್ಮ ಊರಿನ ಜಾತ್ರೆಯಲ್ಲಿ ಒಬ್ಬರು ಅದನ್ನು ಇಟ್ಟುಕೊಂಡು ಕೂತಿದ್ದರು. ಅವರು ಊಟಕ್ಕೆ ಎದ್ದಾಗ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟು ಕಡ್ಡಿಗೆ ಒದ್ದೆ ಟವೆಲ್ ಸುತ್ತಿಸಿದೆ. ವಯಸ್ಸು 45, ಗಂಡಸು, ಎತ್ತರ ಐದೂವರೆ ಅಡಿ ಅಂತ ಟೈಪ್ ಮಾಡಿಸಿದೆ. ಒಂದು ನಿಮಿಷ ಆಯಿತು, ರಿಪೋರ್ಟ್ ಬಂತು. ನನ್ನ ಟವೆಲ್‌ಗೆ ಕ್ಯಾಲ್ಸಿಯಂ ಕಡಿಮೆ ಇದೆ, ಪ್ರಾಸ್ಟೇಟ್ ಬಗ್ಗೆ ಎಚ್ಚರ ವಹಿಸಬೇಕು. ಆ ಕಡ್ಡಿಗೆ ಒದ್ದೆ ಕೈ ಯಾವುದು, ಒದ್ದೆ ಬಟ್ಟೆ ಯಾವುದು ಅಂತಲೂ ಗೊತ್ತಿಲ್ಲ. ಉಳಿದದ್ದೆಲ್ಲ ನೀವು ಟೈಪ್ ಮಾಡಿದ ವಯಸ್ಸಿಗೆ ತಕ್ಕ ಹಾಗೆ ಒಳಗೆ ಬರೆದಿಟ್ಟದ್ದೇ ಇರಬೇಕು ಅಂತ ನನ್ನ ಅನುಮಾನ.

ಅಮ್ಮನವರಿಗೆ ಲ್ಯಾಬಿನಲ್ಲಿ ರಕ್ತ ಕೊಟ್ಟು ಎಚ್‌ಬಿಎ1ಸಿ ಮಾಡಿಸಿ. ಮೂರು ತಿಂಗಳ ಸಕ್ಕರೆ ಗೊತ್ತಾಗುತ್ತದೆ. ಮಾತ್ರೆ ಬಿಡುವ ಮಾತನ್ನು ಡಾಕ್ಟರ್ ಹತ್ತಿರ ಮಾತ್ರ ಆಡಿ.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಅಮ್ಮನಿಗೆ ಶನಿವಾರ ಟೆಸ್ಟ್ ಮಾಡಿಸಿದೆ, 8.9 ಬಂತು. ಡಾಕ್ಟರ್ ಬೈದರು, ಮಾತ್ರೆ ಮತ್ತೆ ಶುರು. ಪುಡಿ ಡಬ್ಬ ಅಟ್ಟಕ್ಕೆ ಹೋಯಿತು.

ಭಾವನಿಗೆ ಇಡೀ ಥ್ರೆಡ್ ಓದಿಸಿದೆ. ಟವೆಲ್ ಕಥೆಗೆ ನಕ್ಕರು. ಗೋಡೆಯ ಕಥೆ ಎರಡು ಸಲ ಓದಿದರು, ಆಮೇಲೆ ಏನೂ ಮಾತಾಡಲಿಲ್ಲ. ಆದರೆ ಇವತ್ತು ಸಂಜೆ ಒಂದು ಫೋಟೋ ಕಳಿಸಿದ್ದಾರೆ. ಹೋದ ದೀಪಾವಳಿಗೆ ತಂದ ಟಿವಿಯ ಡಬ್ಬ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಕ್ವಾಂಟಮ್ ಡಾಟ್’ ಅಂತ ಇದೆ. “ಕೇಳು ನಿನ್ನ ಮೇಷ್ಟ್ರಿಗೆ, 60 ಸಾವಿರ ಕೊಟ್ಟಿದ್ದೇನೆ, ಇದೂ ಟವೆಲ್ಲಾ?” ಅಂತ ಬರೆದಿದ್ದಾರೆ. ಏನು ಹೇಳಲಿ?

ಕತ್ತಲೆಕೋಣೆ

ಅಯ್ಯೋ, ಅದು ನಿಜವಾದದ್ದು! ಭಾವನವರಿಗೆ ಹೇಳಿ, ಹೆದರಬೇಡಿ ಅಂತ. ಆ ಚುಕ್ಕಿಗಳಿಗೆ 2023ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂದಿದೆ. ಕೆಲವೇ ನ್ಯಾನೊಮೀಟರ್ ಅಗಲದ ಹರಳುಗಳು. ಒಂದೇ ವಸ್ತು, ಗಾತ್ರ ಮಾತ್ರ ಬೇರೆ. ಸ್ವಲ್ಪ ದೊಡ್ಡದಾದರೆ ಕೆಂಪು, ಅದಕ್ಕಿಂತ ಚಿಕ್ಕದಾದರೆ ಹಸಿರು, ಇನ್ನೂ ಚಿಕ್ಕದಾದರೆ ನೀಲಿ. ಎಲೆಕ್ಟ್ರಾನನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದಷ್ಟೂ ಅದು ಕೊಡುವ ಬೆಳಕಿನ ಶಕ್ತಿ ಹೆಚ್ಚು, ಮೇಷ್ಟ್ರು ಹೇಳಿದ ಆ ಅಲೆಯ ಕಥೆಯೇ ಇದು. ಟಿವಿ ಹಿಂದೆ ನೀಲಿ ಎಲ್‌ಇಡಿ ಇರುತ್ತೆ, ಮುಂದಿನ ಪದರದ ಚುಕ್ಕಿಗಳು ಅದರಲ್ಲಿ ಸ್ವಲ್ಪವನ್ನು ಕೆಂಪು, ಹಸಿರು ಮಾಡಿ ಕೊಡುತ್ತವೆ. ಟಿವಿ ಡಬ್ಬದ ಮೇಲೆ ಬರೆದದ್ದು ಸರಿಯಾಗಿದೆ, ಟಿವಿಯೊಳಗೆ ಕೂತು ಹೇಳುವವರದ್ದೇ ತೊಂದರೆ.

ಮತ್ತೆ ನಿಮ್ಮ ಮಗಳಿಗೆ ಪಿಯು ಮುಗಿದ ಮೇಲೆ ಬೆಂಗಳೂರಿಗೆ ಬಂದರೆ ನಮ್ಮ ಲ್ಯಾಬ್ ತೋರಿಸುತ್ತೇನೆ. ಮೊಬೈಲ್ ಹೊರಗೆ ಇಟ್ಟು ಬರಬೇಕು ಅಷ್ಟೇ.